ಎಷ್ಟರಲ್ಲಿ ಎಷ್ಟು ಮಕ್ಕಳು? ರೇಷನ್ ಕಾರ್ಡಿನಿಂದ ಜನಗಣತಿವರೆಗೆ ಒಂದು ಲೆಕ್ಕ

ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಆರನೇ ಕೆಲಸದ ದಿನ ಬರುತ್ತದಲ್ಲ, ಕೇರಳದಲ್ಲಿ ಆ ದಿನ ಪರೀಕ್ಷೆ ಮಕ್ಕಳಿಗಲ್ಲ, ಟೀಚರುಗಳಿಗೆ. ಆ ದಿನ ಶಾಲೆಯಲ್ಲಿ ಎಷ್ಟು ಮಕ್ಕಳು ಅನ್ನುವ ಲೆಕ್ಕ ನೋಡಿಯೇ ಈ ವರ್ಷ ಎಷ್ಟು ಡಿವಿಷನ್, ಎಷ್ಟು ಹುದ್ದೆ ಅಂತ ತೀರ್ಮಾನ ಆಗುವುದು. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ-ಪೆರ್ಲ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ 31 ವರ್ಷ ಲೆಕ್ಕ ಕಲಿಸಿದವಳು. ಪ್ರತಿ ಮೇ ತಿಂಗಳು ಕೊಡೆ ಹಿಡಿದು, ಗುಡ್ಡ ಹತ್ತಿ ಇಳಿದು, ಒಂದನೇ ಕ್ಲಾಸಿಗೆ ಮಕ್ಕಳನ್ನು ಹುಡುಕಿದವಳು.

ಒಂದು ವರ್ಷ ಸಿಕ್ಕಿದ್ದು ಏಳೇ ಮಕ್ಕಳು. ಸ್ಟಾಫ್ ರೂಮಿನಲ್ಲಿ ಎಲ್ಲರ ಮುಖ ಸಣ್ಣಗಾಗಿತ್ತು. "ಈಗ ಯಾರು ಹೆರುತ್ತಾರೆ ಟೀಚರೇ? ಊರಲ್ಲಿ ಮಕ್ಕಳೇ ಇಲ್ಲ" ಅಂದರು ಒಬ್ಬರು. ನಾನೂ ತಲೆ ಆಡಿಸಿದೆ. ಅದೇ ಸಂಜೆ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಎದುರಿನಿಂದ ಮೂರು ಹಳದಿ ಬಸ್ಸು ಹೋದವು. ಮೂರರಲ್ಲೂ ಕಿಟಕಿ ತುಂಬ ಮಕ್ಕಳು, ಕುತ್ತಿಗೆಗೆ ಟೈ. ಒಬ್ಬ ನನಗೆ ನಾಲಿಗೆ ತೋರಿಸಿಯೂ ಹೋದ.

ಲೆಕ್ಕದ ಟೀಚರು ನಾನು. ಏಳು ಅಂದಾಗ "ಎಷ್ಟರಲ್ಲಿ ಏಳು?" ಅಂತ ಕೇಳಬೇಕಿತ್ತು, ಕೇಳಲಿಲ್ಲ. ಆ ನಾಚಿಕೆಯಲ್ಲಿ ಶುರುವಾದದ್ದು ಈ ಹವ್ಯಾಸ. ಜನಸಂಖ್ಯೆಯಲ್ಲಿ ಮಕ್ಕಳ ಪಾಲು ಎಷ್ಟು, ಅದು ವರ್ಷ ಕಳೆದಂತೆ ಹೇಗೆ ಬದಲಾಗುತ್ತದೆ ಅನ್ನುವುದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಭಾಗಾಕಾರ ಗೊತ್ತಿದ್ದರೆ ಸಾಕು. ಕಷ್ಟ ಇರುವುದು ಭಾಗಾಕಾರದಲ್ಲಿ ಅಲ್ಲ, ಮೇಲೆ ಯಾರನ್ನು ಬರೆಯಬೇಕು, ಕೆಳಗೆ ಯಾರನ್ನು ಬರೆಯಬೇಕು ಅನ್ನುವುದರಲ್ಲಿ.

ಮೊದಲು ಮನೆಯಿಂದ

ಮನೆಯ ಹಳೇ ರೇಷನ್ ಕಾರ್ಡು ಇದ್ದರೆ ಹುಡುಕಿ ತೆಗೆಯಿರಿ. ನಮ್ಮ ತವರುಮನೆಯ 1971ರ ಕಾರ್ಡು ಅಮ್ಮನ ಪೆಟ್ಟಿಗೆಯಲ್ಲಿ, ನುಸಿಗುಳಿಗೆಯ ವಾಸನೆ ಹೊತ್ತು ಇನ್ನೂ ಉಂಟು. ಅದರಲ್ಲಿ 11 ಹೆಸರು. ಅಜ್ಜಿ, ಅಪ್ಪ, ಅಮ್ಮ, ಚಿಕ್ಕಪ್ಪ, ಹೊಸದಾಗಿ ಬಂದ ಚಿಕ್ಕಮ್ಮ, ನಾವು ಆರು ಮಕ್ಕಳು. ದೊಡ್ಡಣ್ಣನಿಗೆ ಆಗ 16. ಅವನನ್ನು ಬಿಟ್ಟರೆ 15ಕ್ಕಿಂತ ಕೆಳಗಿನವರು ಐದು.

5 ಭಾಗಿಸು 11, ಗುಣಿಸು 100. ಶೇಕಡ 45.

ಈಗ ಅದೇ ಮನೆಯಲ್ಲಿ ಅಮ್ಮ, ಎರಡನೇ ಅಣ್ಣ, ಅತ್ತಿಗೆ, ಅವರ ಮಗ, ಸೊಸೆ, ಒಂದು ಮೊಮ್ಮಗಳು. ಆರರಲ್ಲಿ ಒಂದು. ಶೇಕಡ 17ರ ಹತ್ತಿರ. ಅಡುಗೆಮನೆಯಲ್ಲಿ ಸಾಲಾಗಿ ಬಾಳೆಲೆ ಹಾಕುತ್ತಿದ್ದ ಜಾಗದಲ್ಲಿ ಈಗ ಫ್ರಿಜ್ ಕೂತಿದೆ.

ಇಷ್ಟೇ ಲೆಕ್ಕ. ದೇಶಕ್ಕೂ ಇದೇ ಲೆಕ್ಕ. ಆದರೆ ಒಂದು ಮನೆಯಿಂದ ಊರಿನ ಬಗ್ಗೆ ಏನೂ ಹೇಳಬೇಡಿ. ಅದರ ಕಾರಣ ಆಮೇಲೆ ಬರುತ್ತದೆ.

ನಡೆಯುವ ವಯಸ್ಸು, ತುಂಬಿದ ವಯಸ್ಸು

ಆ ಕಾರ್ಡಿನಲ್ಲಿ ನನ್ನ ವಯಸ್ಸು 9 ಎಂದಿದೆ. ನಿಜಕ್ಕೂ ನನಗೆ ಆಗ ತುಂಬಿದ್ದು 8. ಅಪ್ಪ ಸುಳ್ಳು ಬರೆಸಿದ್ದಲ್ಲ. ನಮ್ಮ ಮಾತೇ ಹಾಗೆ. "ಒಂಬತ್ತು ನಡೆಯುತ್ತಾ ಉಂಟು" ಅನ್ನುತ್ತೇವೆ, ಬರೆಯುವವರು 9 ಅಂತ ಬರೆದುಕೊಳ್ಳುತ್ತಾರೆ. ಅಪ್ಪನಿಗೆ ಇನ್ನೊಂದು ಸಣ್ಣ ಆಸೆಯೂ ಇದ್ದಿರಬಹುದು. ಆಗ ದೊಡ್ಡವರಿಗೆ ಒಂದು ಯೂನಿಟ್ ಅಕ್ಕಿ, ಮಕ್ಕಳಿಗೆ ಅರ್ಧ. ಮಕ್ಕಳು ಕಾಗದದಲ್ಲಿ ಬೇಗ ದೊಡ್ಡವರಾದರೆ ನಷ್ಟ ಏನೂ ಇಲ್ಲ, ಅಲ್ವಾ?

ಲೆಕ್ಕದಲ್ಲಿ ಮಾತ್ರ ಇದು ಆಗದು. ಜನಗಣತಿ ಕೇಳುವುದು ತುಂಬಿದ ವಯಸ್ಸು, ಅಂದರೆ ಕೊನೆಯ ಹುಟ್ಟುಹಬ್ಬಕ್ಕೆ ಎಷ್ಟಾಯಿತು ಅನ್ನುವುದು. "0-14" ಎಂದು ಎಲ್ಲಾದರೂ ಕಂಡರೆ ಅದರ ಅರ್ಥ 15 ಇನ್ನೂ ತುಂಬದವರು. ಹದಿನೈದು ನಡೆಯುತ್ತಿರುವ ಹುಡುಗಿ ಮಗುವೇ. "0-6" ಅಂದರೆ ಏಳು ತುಂಬದವರು, ಅದು ಆರು ವರ್ಷದ ಲೆಕ್ಕ ಅಲ್ಲ, ಏಳು ವರ್ಷದ ಲೆಕ್ಕ. ಎಷ್ಟೋ ಜನ ಇಲ್ಲೇ ಜಾರುತ್ತಾರೆ.

ಯಾವುದನ್ನು ಹಿಡಿಯಬೇಕು? ಬೇರೆ ದೇಶದ ಜೊತೆ ಹೋಲಿಸುವುದಾದರೆ 0-14. ಪ್ರಪಂಚದಲ್ಲೆಲ್ಲ ಅದೇ ರೂಢಿ. ನಿಮ್ಮ ಗ್ರಾಮದ ಲೆಕ್ಕ ಬೇಕಾದರೆ 0-6, ಯಾಕೆಂದರೆ ಭಾರತದ ಜನಗಣತಿ ಹಳ್ಳಿ ಹಳ್ಳಿಯ ಮಟ್ಟದಲ್ಲಿ ಕೊಡುವುದು ಅದೊಂದನ್ನೇ. ಸಾಕ್ಷರತೆಯನ್ನು ಏಳು ವರ್ಷದಿಂದ ಮೇಲೆ ಲೆಕ್ಕ ಹಾಕುತ್ತಾರೆ, ಹಾಗಾಗಿ ಏಳಕ್ಕಿಂತ ಕೆಳಗಿನವರನ್ನು ಬೇರೆ ಮಾಡಿ ಎಣಿಸುತ್ತಾರೆ. ಕಾನೂನಿನಲ್ಲಿ ಮಗು ಅಂದರೆ 18ರ ಒಳಗಿನವರು, ಆದರೆ ಈ ಲೆಕ್ಕಕ್ಕೆ ಅದು ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಒಂದು ಸಲ ಒಂದನ್ನು ಹಿಡಿದರೆ ಕೊನೆವರೆಗೂ ಅದನ್ನೇ ಹಿಡಿಯಿರಿ. ಒಂದು ವರ್ಷಕ್ಕೆ 0-6, ಇನ್ನೊಂದು ವರ್ಷಕ್ಕೆ 0-14 ಹಾಕಿ "ಮಕ್ಕಳು ಜಾಸ್ತಿಯಾದರು" ಅಂದವರನ್ನು ನಾನು ನೋಡಿದ್ದೇನೆ.

ನಾನು 1991, 2001, 2011 ಮೂರು ಜನಗಣತಿಗೂ ಮನೆ ಮನೆ ಹೋದವಳು. ವಯಸ್ಸು ಕೇಳುವುದು ಒಂದು ಕಲೆ. "ಮಗುವಿಗೆ ಎಷ್ಟು ವರ್ಷ?" ಅಂತ ಕೇಳಿದರೆ ಅಜ್ಜಿಯಂದಿರು ಆಕಾಶ ನೋಡುತ್ತಾರೆ. "ಹುಟ್ಟಿದ್ದು ಆಟಿಯಲ್ಲೋ ಸೋಣದಲ್ಲೋ?" ಅಂತ ಮಳೆಗಾಲದ ನಮ್ಮ ತುಳು ತಿಂಗಳು ಹಿಡಿದು ಕೇಳಿದರೆ ತಟ್ಟನೆ ಉತ್ತರ. ದೊಡ್ಡವರ ವಯಸ್ಸಿಗೆ "ಕಾಸರಗೋಡು ಜಿಲ್ಲೆ ಆಗುವಾಗ ನೀವು ಶಾಲೆಗೆ ಹೋಗುತ್ತಿದ್ದಿರಾ?" ಅನ್ನುತ್ತಿದ್ದೆ. ಜಿಲ್ಲೆ ಆದದ್ದು 1984ರ ಮೇ 24ಕ್ಕೆ. ಅಲ್ಲಿಂದ ಬೆರಳು ಮಡಚಿ ಬರುವುದು.

ಶಾಲೆಯ ದಾಖಲೆಯಲ್ಲಿರುವ ಹುಟ್ಟಿದ ತಾರೀಕನ್ನು ಕಣ್ಣು ಮುಚ್ಚಿ ನಂಬಬೇಡಿ. ನನ್ನ ಕಾಲದ ಅರ್ಧ ಕ್ಲಾಸು ಮೇ ತಿಂಗಳಲ್ಲೇ ಹುಟ್ಟಿದೆ! ಜೂನ್ 1ಕ್ಕೆ ಐದು ತುಂಬಿರಬೇಕಿತ್ತಲ್ಲ, ಸೇರಿಸುವಾಗ ಹೆಡ್ಮಾಸ್ಟ್ರು ತಾರೀಕು ಹೊಂದಿಸಿ ಬರೆದುಬಿಡುತ್ತಿದ್ದರು. ನಾನು ಹುಟ್ಟಿದ್ದು ಸೋಣದ ಮಳೆಗೆ ಅಂತ ಅಮ್ಮ ಹೇಳುತ್ತಾರೆ. ಪೆನ್ಷನ್ ಪುಸ್ತಕದ ಪ್ರಕಾರ ಮೇ.

ದೇಶದ ಪಟ್ಟಿಯಲ್ಲೂ ಇದೇ ಕಥೆ. ಒಂದೊಂದೇ ವಯಸ್ಸಿನ ಲೆಕ್ಕ ತೆಗೆದು ನೋಡಿದರೆ 10 ಮತ್ತು 12 ಉಬ್ಬಿಕೊಂಡಿರುತ್ತವೆ, ನಡುವಿನ 11 ಸೊರಗಿರುತ್ತದೆ. ಹನ್ನೊಂದು ವರ್ಷದ ಮಕ್ಕಳು ಕಮ್ಮಿ ಹುಟ್ಟಿದ್ದಲ್ಲ, "ಹತ್ತು ಹನ್ನೆರಡು" ಅನ್ನುವ ಮಾತು ಬಾಯಿಗೆ ಸುಲಭ, ಅಷ್ಟೇ. ಅದಕ್ಕೇ ಐದೈದು ವರ್ಷದ ಗುಂಪು ಮಾಡಿ ನೋಡುವುದು: 0-4, 5-9, 10-14. ಮೂರನ್ನೂ ಕೂಡಿಸಿ.

ನಿಮ್ಮ ಓಣಿಯಲ್ಲಿ ಎಣಿಸುವುದಾದರೆ

ಒಂದು ರಾತ್ರಿ ಗೊತ್ತು ಮಾಡಿಕೊಳ್ಳಿ. ಎಣಿಸಲು ಒಂದು ವಾರ ಹಿಡಿಯಲಿ, ಆದರೆ ಲೆಕ್ಕ ಆ ರಾತ್ರಿಯದ್ದಾಗಿರಬೇಕು. 2011ರಲ್ಲಿ ನಾವು ಫೆಬ್ರವರಿ 9ರಿಂದ 28ರವರೆಗೆ ತಿರುಗಿದೆವು. ಲೆಕ್ಕದ ಗಳಿಗೆ ಮಾತ್ರ ಮಾರ್ಚ್ 1 ಹುಟ್ಟುವ ಮಧ್ಯರಾತ್ರಿ. ಆಮೇಲೆ ಮಾರ್ಚ್ 5ರವರೆಗೆ ಇನ್ನೊಂದು ಸುತ್ತು ಹೋಗಿ, ಆ ಗಳಿಗೆಗೆ ಮೊದಲು ಹುಟ್ಟಿದವರನ್ನು ಸೇರಿಸಿ ಸತ್ತವರನ್ನು ತೆಗೆಯುವುದು. ನಮ್ಮ ಕಡೆ ಒಂದು ಮನೆಯಲ್ಲಿ ಮಾರ್ಚ್ 2ಕ್ಕೆ ಗಂಡುಮಗು ಹುಟ್ಟಿತ್ತು. ಸೇರಿಸಲು ಆಗುವುದಿಲ್ಲ ಅಂದೆ. ಮಗುವಿನ ಅಜ್ಜನಿಗೆ ಸಿಟ್ಟು ಬಂತು. "ಎಂತ ಟೀಚರೇ, ಮಗು ಅಳುವುದು ನಿಮಗೆ ಕೇಳುವುದಿಲ್ಲವಾ?" ಅಂದರು. ಆ ಹುಡುಗ ಈಗ ಹೈಸ್ಕೂಲಿನಲ್ಲಿ ಇದ್ದಾನೆ. ಕಂಡಾಗೆಲ್ಲ ನನಗೆ ಅನಿಸುತ್ತದೆ, ಇವನು 121 ಕೋಟಿಯಲ್ಲಿ ಇಲ್ಲದವನು.

ಯಾರನ್ನು ಬರೆಯಬೇಕು ಅನ್ನುವುದೇ ನಮ್ಮ ಕಾಸರಗೋಡಿನ ದೊಡ್ಡ ತಲೆನೋವು. ನಮ್ಮ ಓಣಿಯಲ್ಲಿ 12 ಮನೆ. ಮನೆಯಲ್ಲೇ ಇರುವವರನ್ನು ಬರೆದರೆ 53 ಜನ, ಅದರಲ್ಲಿ 15ರೊಳಗಿನವರು 11. ಶೇಕಡ 21ರ ಹತ್ತಿರ. ಆದರೆ ದುಬೈ, ದೋಹಾ ಅಂತ ಹೋದವರು ಐದು ಜನ. ಹೆಂಡತಿಯರು "ಅವರನ್ನೂ ಬರೆಯಿರಿ, ಮನೆಯ ಯಜಮಾನರು" ಅನ್ನುತ್ತಾರೆ. ಬರೆದರೆ 58ರಲ್ಲಿ 11, ಶೇಕಡ 19. ಮಕ್ಕಳು ಒಬ್ಬರೂ ಹೆಚ್ಚು ಕಮ್ಮಿ ಆಗಲಿಲ್ಲ, ಪಾಲು ಎರಡು ಇಳಿಯಿತು. ಆರು ತಿಂಗಳಿಗಿಂತ ಜಾಸ್ತಿ ಹೊರಗಿರುವವರನ್ನು ಬಿಡುವುದು ನನ್ನ ಪದ್ಧತಿ. ದೇಶ ಬಿಟ್ಟು ಹೋದವರನ್ನು ಜನಗಣತಿಯೂ ಎಣಿಸುವುದಿಲ್ಲ. 2011ರಲ್ಲಿ ನಮ್ಮ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1080 ಹೆಂಗಸರು ಇದ್ದರು. ಅದಕ್ಕೆ ಬೇರೆ ಕಾರಣಗಳೂ ಇರಬಹುದು, ಆದರೆ ಗಲ್ಫಿನ ನೆರಳು ಅಲ್ಲಿ ಚೆನ್ನಾಗಿ ಕಾಣುತ್ತದೆ. ದುಡಿಯುವ ವಯಸ್ಸಿನವರು ಹೊರಗೆ ಹೋದ ಊರಲ್ಲಿ ಮಕ್ಕಳ ಪಾಲು ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತದೆ. ಹೊರಗಿನ ಗಂಡಸರು ಕೆಲಸಕ್ಕೆ ಬಂದು ತುಂಬಿದ ಊರಲ್ಲಿ ಕಮ್ಮಿ ಕಾಣುತ್ತದೆ.

ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳು, ಅವಳ ಕೂಸು ಗಂಡನ ಮನೆಯ ಲೆಕ್ಕ. ಹಾಸ್ಟೆಲಿನಲ್ಲಿ ಓದುವ ಹುಡುಗ ಹಾಸ್ಟೆಲಿನ ಲೆಕ್ಕ. ನಿಯಮ ಯಾವುದೇ ಇರಲಿ, ಒಬ್ಬರನ್ನು ಎರಡು ಕಡೆ ಬರೆಯಬಾರದು.

ಇನ್ನು ಒಂದು ಓಣಿಯ ಲೆಕ್ಕ ಎಷ್ಟು ಚಂಚಲ ನೋಡಿ. ಕಳೆದ ವರ್ಷ ನಮ್ಮಲ್ಲಿ ಒಂದು ಬಾಡಿಗೆ ಮನೆಯವರು ಉಪ್ಪಳಕ್ಕೆ ಹೋದರು. ಗಂಡ, ಹೆಂಡತಿ, ಮೂರು ಮಕ್ಕಳು. 53 ಹೋಗಿ 48 ಆಯಿತು, 11 ಹೋಗಿ 8. ಶೇಕಡ 21 ಇದ್ದದ್ದು 17ಕ್ಕೆ ಬಿತ್ತು. ದೇಶಕ್ಕೆ ಇಷ್ಟು ಇಳಿಯಲು ಹತ್ತು ವರ್ಷ ಬೇಕು, ನಮ್ಮ ಓಣಿಗೆ ಒಂದು ಟೆಂಪೋ ಸಾಕಾಯಿತು. ಅದಕ್ಕೇ ಹೇಳಿದ್ದು, ಮನೆ ಅಥವಾ ಓಣಿ ಲೆಕ್ಕ ಕಲಿಯಲಿಕ್ಕೆ ಮಾತ್ರ. ತೀರ್ಮಾನಕ್ಕೆ ಕನಿಷ್ಠ ಪಂಚಾಯತ್ ಬೇಕು.

ಪಂಚಾಯತ್ ಆಫೀಸಿಗೆ ಹೋಗಿ ಜನನ ರಿಜಿಸ್ಟರ್ ತೆಗೆದರೆ ಆಯಿತಲ್ಲ ಅನ್ನುತ್ತೀರಾ? ನಾನೂ ಹಾಗೇ ಮೂರ್ಖಳಾದೆ. ಹುಟ್ಟು ಎಲ್ಲಿ ಆಯಿತೋ ಅಲ್ಲೇ ನೋಂದಣಿ ಆಗುವುದು. ನಮ್ಮ ಕಡೆಯ ಎಷ್ಟೋ ಮಕ್ಕಳು ಹುಟ್ಟುವುದು ಮಂಗಳೂರಿನ ಆಸ್ಪತ್ರೆಗಳಲ್ಲಿ. ನಮ್ಮ ಮನೆಯ ಮೊಮ್ಮಗಳ ಜನನ ಪತ್ರದಲ್ಲೂ ಕರ್ನಾಟಕ ಸರಕಾರದ ಮುದ್ರೆ. ಇಲ್ಲಿನ ರಿಜಿಸ್ಟರ್ ನೋಡಿದರೆ ಅವಳು ಹುಟ್ಟಿಯೇ ಇಲ್ಲ. ಅಂಗನವಾಡಿ ಟೀಚರ ಹತ್ತಿರ ಇರುವ ಪಟ್ಟಿ ಇದಕ್ಕಿಂತ ಎಷ್ಟೋ ವಾಸಿ. ಅವರು ಗರ್ಭಿಣಿಯರಿಂದ ಶುರುಮಾಡಿ ಮನೆ ಮನೆ ಬರೆದಿಟ್ಟಿರುತ್ತಾರೆ. ಒಟ್ಟು ಜನರಿಂದ ಮತದಾರರ ಪಟ್ಟಿಯವರನ್ನು ಕಳೆದು ಮಕ್ಕಳನ್ನು ಹುಡುಕುವ ಜಾಣರೂ ಇದ್ದಾರೆ. ಬೇಡ.

ಜನಗಣತಿ ಪುಸ್ತಕ ತೆರೆಯುವಾಗ

ಜನಗಣತಿ ಇಲಾಖೆಯ ಜಾಲತಾಣದಲ್ಲಿ ಎಲ್ಲ ಸಿಗುತ್ತದೆ, ಕಾಸು ಬೇಡ. ಹಳ್ಳಿಯ ಮಟ್ಟದ 0-6 ಬೇಕಾದರೆ ಪ್ರೈಮರಿ ಸೆನ್ಸಸ್ ಅಬ್‌ಸ್ಟ್ರ್ಯಾಕ್ಟ್ ಅನ್ನುವ ಪಟ್ಟಿ. ಜಿಲ್ಲೆಗೆ, ರಾಜ್ಯಕ್ಕೆ ಐದೈದು ವರ್ಷದ ಗುಂಪು ಬೇಕಾದರೆ ಸಿ-14 ಪಟ್ಟಿ. ಅದರ ಕೊನೆಯಲ್ಲಿ "ವಯಸ್ಸು ಹೇಳದವರು" ಅಂತ ಒಂದು ಸಾಲು ಇರುತ್ತದೆ. ಅವರನ್ನು ಒಟ್ಟಿನಲ್ಲಿ ಇಡಿ ಅಥವಾ ಬಿಡಿ, ಆದರೆ ಎಲ್ಲ ವರ್ಷಕ್ಕೂ ಒಂದೇ ರೀತಿ ಮಾಡಿ.

ಕಾಸರಗೋಡಿನವರಿಗೆ ಒಂದು ವಿಶೇಷ ತೊಂದರೆ ಉಂಟು. ನಮ್ಮ ಊರು ಕದಲದಿದ್ದರೂ ಪುಸ್ತಕ ಕದಲುತ್ತದೆ. 1951ರ ಲೆಕ್ಕ ಬೇಕಾದರೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಡುಕಬೇಕು. 1956ರಲ್ಲಿ ಕೇರಳಕ್ಕೆ ಸೇರಿದೆವಲ್ಲ, ಹಾಗಾಗಿ 1961, 1971, 1981ಕ್ಕೆ ಕಣ್ಣೂರು ಜಿಲ್ಲೆ. 1991ರಿಂದ ಕಾಸರಗೋಡು. ತಾಲೂಕು ನೋಡುವವರು ಇನ್ನೊಂದು ನೆನಪಿಡಿ: 2011ರಲ್ಲಿ ಕಾಸರಗೋಡು ಮತ್ತು ಹೊಸದುರ್ಗ ಎರಡೇ ತಾಲೂಕು. ಮಂಜೇಶ್ವರ, ವೆಳ್ಳರಿಕುಂಡು ಆಮೇಲೆ ಬಂದವು. ಹೊಸ ಮಂಜೇಶ್ವರ ತಾಲೂಕನ್ನು ಹಳೇ ಕಾಸರಗೋಡು ತಾಲೂಕಿನ ಜೊತೆ ಹೋಲಿಸಿದರೆ ಮಾವಿನಕಾಯಿಯನ್ನು ಇಡೀ ಮರದ ಜೊತೆ ತೂಗಿದ ಹಾಗೆ.

ಎಲ್ಲಕ್ಕಿಂತ ದೊಡ್ಡ ಗುಂಡಿ ಬೇರೆ. ಜನಗಣತಿ ಆದ ಕೂಡಲೇ ಒಂದು ತಾತ್ಕಾಲಿಕ ಲೆಕ್ಕ ಹೊರಬೀಳುತ್ತದೆ, ಒಂದೆರಡು ವರ್ಷ ಬಿಟ್ಟು ಅಂತಿಮ ಲೆಕ್ಕ ಬರುತ್ತದೆ. 2001ರಲ್ಲಿ ಭಾರತದ 0-6ರ ಮಕ್ಕಳು 16.38 ಕೋಟಿ. 2011ರ ತಾತ್ಕಾಲಿಕ ಲೆಕ್ಕದಲ್ಲಿ 15.88 ಕೋಟಿ. ಅಂದರೆ ಹತ್ತು ವರ್ಷದಲ್ಲಿ 50 ಲಕ್ಷ ಮಕ್ಕಳು ಕಮ್ಮಿ! ಪೇಪರಿನಲ್ಲಿ ಅದೇ ಬಂತು, ನಾನೂ ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ಹೇಳಿದೆ. ಅಂತಿಮ ಲೆಕ್ಕ ಬಂದಾಗ ಅದು 16.45 ಕೋಟಿ. ಕಮ್ಮಿ ಆದದ್ದಲ್ಲ, ಚೂರು ಜಾಸ್ತಿಯೇ ಆಗಿತ್ತು. ಕಥೆಯೇ ತಿರುಗಿಬಿತ್ತು. ಎಷ್ಟೋ ಕಡೆ ಇವತ್ತಿಗೂ ಆ ಹಳೇ ಅಂಕಿಯೇ ಓಡಾಡುತ್ತಿದೆ. ನೀವು ಬರೆದುಕೊಳ್ಳುವಾಗ ಪಕ್ಕದಲ್ಲಿ "ತಾತ್ಕಾಲಿಕ" ಅಥವಾ "ಅಂತಿಮ" ಅಂತ ಗುರುತು ಹಾಕಿ.

ಸಂಖ್ಯೆ ಒಂದು ಕಡೆ, ಪಾಲು ಒಂದು ಕಡೆ

ಅದೇ ಅಂಕಿಗಳನ್ನು ಈಗ ಭಾಗಿಸೋಣ. 2001ರಲ್ಲಿ 102.87 ಕೋಟಿಯಲ್ಲಿ 16.38 ಕೋಟಿ, ಶೇಕಡ 15.9. 2011ರಲ್ಲಿ 121.09 ಕೋಟಿಯಲ್ಲಿ 16.45 ಕೋಟಿ, ಶೇಕಡ 13.6. ಮಕ್ಕಳು ಏಳು ಲಕ್ಷ ಜಾಸ್ತಿ, ಪಾಲು ಮಾತ್ರ ಕಮ್ಮಿ. ಹೇಗೆ? ಕೆಳಗಿನ ಅಂಕಿ ಅದಕ್ಕಿಂತ ಜೋರಾಗಿ ಬೆಳೆಯಿತು.

ಕೇರಳ ನೋಡಿ. 2001ರಲ್ಲಿ 3,18,41,374 ಜನರಲ್ಲಿ 37,93,146 ಪುಟ್ಟ ಮಕ್ಕಳು, ಶೇಕಡ 11.9. 2011ರಲ್ಲಿ 3,34,06,061ರಲ್ಲಿ 34,72,955, ಶೇಕಡ 10.4. ಇಲ್ಲಿ ಪಾಲೂ ಕಮ್ಮಿ, ತಲೆ ಲೆಕ್ಕವೂ 3 ಲಕ್ಷ 20 ಸಾವಿರ ಕಮ್ಮಿ. ಎರಡು ಕಡೆಯೂ "ಮಕ್ಕಳ ಪಾಲು ಇಳಿಯಿತು" ಅನ್ನುವುದು ಒಂದೇ ವಾಕ್ಯ. ಆದರೆ ಒಂದು ಕಡೆ ಬೆಂಚು ಮೊದಲಿನಷ್ಟೇ ಬೇಕು, ಇನ್ನೊಂದು ಕಡೆ ಬೆಂಚು ಖಾಲಿ. ಶಾಲೆ ಕಟ್ಟುವವರಿಗೆ, ಲಸಿಕೆ ತರಿಸುವವರಿಗೆ ಬೇಕಾದದ್ದು ಸಂಖ್ಯೆ. ದುಡಿಯುವವರ ಮೇಲೆ ಎಷ್ಟು ಭಾರ ಅಂತ ತಿಳಿಯಬೇಕಾದವರಿಗೆ ಪಾಲು. ನಿಮಗೆ ಯಾವುದು ಬೇಕು ಅಂತ ಮೊದಲೇ ಯೋಚಿಸಿ.

ಇಲ್ಲೇ ಇನ್ನೊಂದು ಗೊಂದಲ ಬರುತ್ತದೆ. ನೂರು ಜನರಲ್ಲಿ 20 ಮಕ್ಕಳು, 60 ದುಡಿಯುವ ವಯಸ್ಸಿನವರು, 20 ಮುದುಕರು ಇದ್ದರೆ ಮಕ್ಕಳ ಪಾಲು ಶೇಕಡ 20. ಅವಲಂಬನೆಯ ಲೆಕ್ಕದಲ್ಲಿ, ಅಂದರೆ ದುಡಿಯುವ ವಯಸ್ಸಿನ ನೂರು ಜನರ ಮೇಲೆ ಎಷ್ಟು ಮಕ್ಕಳ ಭಾರ ಅನ್ನುವುದರಲ್ಲಿ, ಭಾಗಿಸುವುದು ನೂರರಿಂದಲ್ಲ, 60ರಿಂದ. ಅಲ್ಲಿ 33 ಬರುತ್ತದೆ. ಎರಡೂ ಸರಿ, ಎರಡೂ ಬೇರೆ.

ಗೀಟು ಎಳೆದಾಗ ಕಾಣುವ ಗುಡ್ಡ

ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅಡ್ಡಕ್ಕೆ ಹತ್ತು ವರ್ಷಕ್ಕೊಂದು ಗುರುತು, ಉದ್ದಕ್ಕೆ ಸೊನ್ನೆಯಿಂದ 50. ಸೊನ್ನೆಯಿಂದಲೇ ಶುರುಮಾಡಿ. 30ರಿಂದ ಶುರುಮಾಡಿದರೆ ಸಣ್ಣ ಇಳಿಜಾರೂ ಪ್ರಪಾತದ ಹಾಗೆ ಕಾಣುತ್ತದೆ. ಭಾರತದ 0-14ರ ಪಾಲು 1961ರಲ್ಲಿ ಶೇಕಡ 41, 1971ರಲ್ಲಿ 42, 1981ರಲ್ಲಿ ಸುಮಾರು 40, 1991ರಲ್ಲಿ 37ರ ಮೇಲೆ, 2001ರಲ್ಲಿ 35, 2011ರಲ್ಲಿ 31ರ ಹತ್ತಿರ.

ಗಮನಿಸಿದಿರಾ? ಮೊದಲು ಏರಿ, ಆಮೇಲೆ ಇಳಿದಿದೆ. ಬಡ ದೇಶಗಳು ಬದಲಾಗುವಾಗ ಸಾಧಾರಣ ಹೀಗೇ ಆಗುವುದು. ನಾನು ಇದನ್ನು ಕ್ಲಾಸಿನಲ್ಲಿ ಹೇಳುವಾಗ ನಮ್ಮ ಮನೆಯ ಲೆಕ್ಕವನ್ನೇ ಹೇಳುತ್ತಿದ್ದೆ. ಅಜ್ಜಿ ಹೆತ್ತದ್ದು ಒಂಬತ್ತು, ಉಳಿದದ್ದು ನಾಲ್ಕು. ಅಮ್ಮ ಹೆತ್ತದ್ದು ಎಂಟು, ಉಳಿದದ್ದು ಆರು. ನಾನು ಎರಡು, ಎರಡೂ ಉಳಿದವು. ಮಗಳಿಗೆ ಒಂದು. ಹೆತ್ತದ್ದನ್ನು ಮಾತ್ರ ನೋಡಿದರೆ ಅಜ್ಜಿಯಿಂದಲೇ ಇಳಿತ. ಉಳಿದದ್ದನ್ನು ನೋಡಿದರೆ ಅಮ್ಮನ ಕಾಲದಲ್ಲಿ ಒಂದು ಗುಡ್ಡ. ಲಸಿಕೆ, ಮಲೇರಿಯಾಕ್ಕೆ ಔಷಧಿ, ಹತ್ತಿರದಲ್ಲೊಂದು ಆಸ್ಪತ್ರೆ ಮೊದಲು ಬಂದವು, ಮಕ್ಕಳು ಸಾಯುವುದು ಕಮ್ಮಿಯಾಯಿತು. ಕಮ್ಮಿ ಹೆತ್ತರೂ ಸಾಕು ಅನ್ನುವ ಧೈರ್ಯ ಬರಲು ಇನ್ನೊಂದು ತಲೆಮಾರು ಬೇಕಾಯಿತು. ಆ ನಡುವಿನ ಹೊತ್ತಿನಲ್ಲಿ ಮನೆ ತುಂಬ ಮಕ್ಕಳು. 1971ರ ಆ ರೇಷನ್ ಕಾರ್ಡು ಗುಡ್ಡದ ನೆತ್ತಿಯದ್ದು.

ದೇಶದ ಅಂಕಿ ಇದರ ಪಕ್ಕ ಇಡಿ. 1971ರಲ್ಲಿ ಭಾರತದಲ್ಲಿ ಸಾವಿರ ಕೂಸುಗಳು ಹುಟ್ಟಿದರೆ ವರ್ಷ ತುಂಬುವ ಮೊದಲೇ 129 ಸಾಯುತ್ತಿದ್ದವು. 2020ರಲ್ಲಿ 28, ಕೇರಳದಲ್ಲಿ 6. ಹೆಂಗಸಿಗೆ ಸರಾಸರಿ ಎಷ್ಟು ಮಕ್ಕಳು ಅನ್ನುವುದು 1971ರಲ್ಲಿ ಐದರ ಮೇಲಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 2.0. ಅದೇ ಸಮೀಕ್ಷೆಯಲ್ಲಿ ಕೇರಳ 1.8, ಕರ್ನಾಟಕ 1.7, ಬಿಹಾರ 3.0. ಕೇರಳದವರು ಈ ಹಾದಿಯಲ್ಲಿ ಬೇಗನೇ ನಡೆದರು: 1961ರಲ್ಲಿ ಇಲ್ಲಿನ ಮಕ್ಕಳ ಪಾಲು ದೇಶಕ್ಕಿಂತ ಜಾಸ್ತಿಯೇ ಇತ್ತು, 2011ಕ್ಕೆ ಶೇಕಡ 23ರ ಆಸುಪಾಸು. ಹೆಣ್ಣುಮಕ್ಕಳ ಓದು ಇದರ ಹಿಂದಿನ ದೊಡ್ಡ ಕಾರಣ ಅಂತ ತಿಳಿದವರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಅಂತೂ ಹೌದು. ಅಮ್ಮ ಮೂರನೇ ಕ್ಲಾಸು, 17ಕ್ಕೆ ಮದುವೆ. ನಾನು ಟೀಚರ್ ಟ್ರೈನಿಂಗ್ ಟಿ.ಟಿ.ಸಿ. ಮುಗಿಸಿ ಕೆಲಸ ಸಿಕ್ಕಿದ ಮೇಲೆ 26ಕ್ಕೆ ಮದುವೆ.

ಪಾಲು ಇಳಿದರೂ ಸಂಖ್ಯೆ ಏರುತ್ತಲೇ ಇದ್ದದ್ದಕ್ಕೂ ಆ ಗುಡ್ಡವೇ ಕಾರಣ. 1971ರಲ್ಲಿ 15ರೊಳಗಿನವರು ಸುಮಾರು 23 ಕೋಟಿ. 2011ರಲ್ಲಿ 37 ಕೋಟಿ. 70ರ ದಶಕದ ಹುಡುಗಿಯರು ಅಷ್ಟೊಂದು ಜನ ಇದ್ದರಲ್ಲ, ಅವರು ತಲಾ ಎರಡೇ ಹೆತ್ತರೂ ತೊಟ್ಟಿಲು ಖಾಲಿ ಆಗುವುದಿಲ್ಲ. ಗ್ಯಾಸ್ ಆರಿಸಿದ ಮೇಲೂ ಬಾಣಲೆಯ ಎಣ್ಣೆ ಸ್ವಲ್ಪ ಹೊತ್ತು ಕುದಿಯುತ್ತದೆ, ಹಾಗೆ.

ಬೇರೆ ದೇಶದ ಗೀಟನ್ನೂ ಅದೇ ಹಾಳೆಯಲ್ಲಿ ಬೇರೆ ಬಣ್ಣದಲ್ಲಿ ಎಳೆಯಿರಿ, ಮಜಾ ಬರುತ್ತದೆ. ಚೀನಾದ ಗಣತಿಗಳಲ್ಲಿ 1964ರಲ್ಲಿ ಶೇಕಡ 40.7, 1982ರಲ್ಲಿ 33.6, 2000ದಲ್ಲಿ 22.9, 2010ರಲ್ಲಿ 16.6. 2020ರಲ್ಲಿ ಸುಮಾರು 18ಕ್ಕೆ ಸ್ವಲ್ಪ ಮೇಲೆ ಬಂದಿತ್ತು, ಒಂದೇ ಮಗು ಅನ್ನುವ ನಿಯಮ ಸಡಿಲಿಸಿದ ನಂತರದ ಕೂಸುಗಳು ಅವು. ಆಫ್ರಿಕಾದ ನೈಜರ್‌ನಲ್ಲಿ ಇವತ್ತಿಗೂ ಹತ್ತಿರ ಹತ್ತಿರ ಅರ್ಧ ಜನ ಮಕ್ಕಳೇ. ಜಪಾನಿನಲ್ಲಿ ಶೇಕಡ 11-12.

ನಮ್ಮ ಗೀಟು ಮಾತ್ರ 2011ಕ್ಕೆ ನಿಂತುಬಿಡುತ್ತದೆ. 2021ರ ಜನಗಣತಿ ಕೊರೋನಾದಿಂದ ಮುಂದೆ ಹೋಯಿತು. ಮುಂದಿನದಕ್ಕೆ 2027ರ ಮಾರ್ಚ್ 1ರ ಗಳಿಗೆ ಗೊತ್ತು ಮಾಡಿದ್ದಾರೆ. ಅಲ್ಲಿವರೆಗೆ ವಿಶ್ವಸಂಸ್ಥೆಯ ಅಂದಾಜು ಉಂಟು, ಅದರ ಪ್ರಕಾರ ಭಾರತದ ಪಾಲು ಈಗ ಶೇಕಡ 25ರ ಆಸುಪಾಸು. ಅದನ್ನು ಚುಕ್ಕೆ ಗೀಟಿನಲ್ಲಿ ಎಳೆಯಿರಿ. ಎಣಿಸಿದ್ದು ಬೇರೆ, ಅಂದಾಜು ಮಾಡಿದ್ದು ಬೇರೆ. ವಿಶ್ವಸಂಸ್ಥೆಯವರು ಗಣತಿಯಲ್ಲಿ ತಪ್ಪಿಹೋದ ಕೂಸುಗಳನ್ನೂ ಅಂದಾಜಿನಲ್ಲಿ ಸೇರಿಸಿರುತ್ತಾರೆ, ಹಾಗಾಗಿ ಅವರ ಹಳೇ ವರ್ಷಗಳ ಅಂಕಿಯೂ ನಮ್ಮ ಗಣತಿಗೆ ಸರಿಯಾಗಿ ಕೂಡುವುದಿಲ್ಲ. ಎರಡನ್ನೂ ಒಂದೇ ಗೀಟಿನಲ್ಲಿ ಹೊಲಿಯಬೇಡಿ.

ಮತ್ತೆ ಆ ಏಳು ಮಕ್ಕಳು

ಕೊನೆಗೆ ನನ್ನ ಒಂದನೇ ಕ್ಲಾಸಿಗೆ ಬರುತ್ತೇನೆ. ಅಂಗನವಾಡಿಗಳ ಪಟ್ಟಿ ಹಿಡಿದು, ನಮ್ಮ ಶಾಲೆಗೆ ಬರಬಹುದಾದ ಸುತ್ತಲಿನ ಮನೆಗಳಲ್ಲಿ ಆ ವರ್ಷ ಐದು ತುಂಬಿದವರನ್ನು ಎಣಿಸಿದೆ. 34 ಬಂತು. ಹತ್ತು ವರ್ಷದ ಹಿಂದಿನ ಪಟ್ಟಿ ಒಬ್ಬರು ಹಳೇ ಅಂಗನವಾಡಿ ಟೀಚರ ಮನೆಯಲ್ಲಿ ಸಿಕ್ಕಿತು. ಅದರಲ್ಲಿ 43. ಆ 43ರಲ್ಲಿ ನಮ್ಮ ಶಾಲೆಗೆ ಬಂದದ್ದು 26.

ಈಗ ಬಿಡಿಸಿ ನೋಡಿ. ಮಕ್ಕಳು 43ರಿಂದ 34ಕ್ಕೆ ಇಳಿದದ್ದು ನಿಜ. ಆದರೆ ಹಿಂದಿನ ಹಾಗೆ ನೂರರಲ್ಲಿ 60 ಜನ ನಮ್ಮಲ್ಲಿಗೇ ಬಂದಿದ್ದರೆ 34ರಲ್ಲಿ 20 ಮಕ್ಕಳಾದರೂ ಇರಬೇಕಿತ್ತು. ಬಂದದ್ದು ಏಳು. 26 ಹೋಗಿ 7 ಆದಾಗ ಕಳಕೊಂಡ 19ರಲ್ಲಿ ಹುಟ್ಟದೇ ಹೋದವರ ಪಾಲು ಆರು. ಉಳಿದ 13 ಹಳದಿ ಬಸ್ಸಿನಲ್ಲಿ ಉಂಟು, ಸ್ವಲ್ಪ ಜನ ಮಲಯಾಳ ಡಿವಿಷನಿಗೂ ಹೋಗಿರಬಹುದು. ಈ ಲೆಕ್ಕವನ್ನು ಬಿಳಿ ಹಾಳೆಯಲ್ಲಿ ಬರೆದು ಪಿ.ಟಿ.ಎ. ಮೀಟಿಂಗಿಗೆ ತಂದೆ. ತಾಯಂದಿರು ಸುಮ್ಮನೆ ಕೇಳಿದರು. "ಹಾಗಾದರೆ ನಮಗೂ ಬಸ್ಸು ಇಡಿ ಟೀಚರೇ" ಅಂದರು ಒಬ್ಬರು. ಮೂರು ವರ್ಷದ ಮೇಲೆ ಒಂದು ಜೀಪು ಬಂತು, ಒಂದನೇ ಕ್ಲಾಸು ಹನ್ನೊಂದು ಆಯಿತು.

ನಾನು 2019ರಲ್ಲಿ ನಿವೃತ್ತಿ ಆದೆ. ಈಗಲೂ ಪ್ರತಿ ಜೂನ್‌ನಲ್ಲಿ ಆರನೇ ದಿನ ಸಂಜೆ ಶಾಲೆಯಿಂದ ಫೋನ್ ಬರುತ್ತದೆ. ಈ ಸಲ "ಒಂದನೇ ಕ್ಲಾಸಿಗೆ ಒಂಬತ್ತು, ಟೀಚರೇ" ಅಂದಳು ನನ್ನ ಜಾಗಕ್ಕೆ ಬಂದ ಹುಡುಗಿ. ಎಷ್ಟರಲ್ಲಿ ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಅಂಗನವಾಡಿ ಪಟ್ಟಿ ತೆಗೆದುಕೊಂಡು ಶನಿವಾರ ಮನೆಗೆ ಬಾ ಅಂದಿದ್ದೇನೆ.